18 ತುಂಬಿದ ಮಕ್ಕಳಿಗೆ ಕೊಡಗಿನ ರಸ್ತೆಯ ಮೊದಲ ಪಾಠಗಳು

ಹೋದ ಅಕ್ಟೋಬರಿನಲ್ಲಿ ನನ್ನ ಮಗನಿಗೆ 18 ತುಂಬಿತು. ಬೆಳಗ್ಗೆ ಎದ್ದವನೇ ಕೇಳಿದ ಮೊದಲ ಮಾತು, "ಅಮ್ಮ, ಕಾರಿನ ಕೀ ಎಲ್ಲಿ?" ನಮ್ಮ ಮನೆ ಚೆಟ್ಟಳ್ಳಿ ಹತ್ತಿರ. ಗೇಟು ದಾಟಿದರೆ ತಿರುವು, ತಿರುವು ದಾಟಿದರೆ ಇಳಿಜಾರು. ಬಸ್ಸು ತಪ್ಪಿದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು. ಕಾಲೇಜಿಗೂ ಆಸ್ಪತ್ರೆಗೂ ಸಂತೆಗೂ ಗಾಡಿ ಬೇಕೇ ಬೇಕು. ಅವನ ಆಸೆ ನನಗೆ ಅರ್ಥವಾಗುತ್ತದೆ. ಮೂರು ವರ್ಷದ ಹಿಂದೆ ಇವನ ಅಕ್ಕನಿಗೂ ನಾನೇ ಕಲಿಸಿದ್ದೆ. ಆ ಎರಡು ಸಲದ ಅನುಭವ ಇಲ್ಲಿ ಬರೆಯುತ್ತಿದ್ದೇನೆ. ಕಲಿಯುವ ಮಕ್ಕಳಿಗಾಗಿ ಬರೆದದ್ದು, ಅವರ ಪಕ್ಕದ ಸೀಟಿನಲ್ಲಿ ಕೂರುವ ಅಪ್ಪ ಅಮ್ಮನೂ ಓದಲಿ.

ನನ್ನ ಮಕ್ಕಳಿಗೆ ನಾನು ಕೊಟ್ಟದ್ದು ಒಂದೇ ನಿಯಮ. ಕಣ್ಣಿಗೆ ಎಷ್ಟು ರಸ್ತೆ ಕಾಣುತ್ತದೋ ಅಷ್ಟರೊಳಗೆ ಗಾಡಿ ನಿಲ್ಲಬೇಕು. ತಿರುವು, ಮಂಜು, ಮಳೆ, ಕತ್ತಲೆ, ಆನೆ, ಏನೇ ಬರಲಿ, ಇದೇ ಲೆಕ್ಕ.

ಲೆಕ್ಕ ಎಂದರೆ ನಿಜವಾಗಿಯೂ ಲೆಕ್ಕವೇ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಓಡುತ್ತದೆ. 60ರಲ್ಲಿ ಸುಮಾರು 17 ಮೀಟರ್. ಎದುರು ಏನೋ ಇದೆ ಎಂದು ಕಣ್ಣಿಗೆ ಬಿದ್ದು, ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೇ ಒಂದು ಸೆಕೆಂಡ್ ಬೇಕು, ಕೆಲವೊಮ್ಮೆ ಒಂದೂವರೆ. ಗಾಡಿ ನಿಲ್ಲಲು ಬೇಕಾಗುವ ದೂರ ಅದರ ಮೇಲೆ. ಒಣ ರಸ್ತೆ, ಒಳ್ಳೆ ಟೈರ್ ಇದ್ದರೆ 40ರಲ್ಲಿ ಬ್ರೇಕ್ ಹಿಡಿದ ಮೇಲೆ 9 ಮೀಟರ್, 60ರಲ್ಲಿ 20 ಮೀಟರ್ ಎಂದಿಟ್ಟುಕೊಳ್ಳಿ. ವೇಗ ಒಂದೂವರೆ ಪಟ್ಟು ಏರಿದರೆ ಬ್ರೇಕಿನ ದೂರ ಎರಡು ಪಟ್ಟಿಗಿಂತ ಜಾಸ್ತಿ ಏರುತ್ತದೆ. ಒಟ್ಟು ಸೇರಿಸಿದರೆ 40ರಲ್ಲಿ 20 ಮೀಟರ್, 60ರಲ್ಲಿ 37. ನಮ್ಮ ಚೆಟ್ಟಳ್ಳಿ–ಮಡಿಕೇರಿ ರಸ್ತೆಯ ಎಷ್ಟೋ ತಿರುವುಗಳಲ್ಲಿ 37 ಮೀಟರ್ ಮುಂದೆ ಕಾಣುವುದೇ ಇಲ್ಲ. ಮಗನನ್ನು ಒಂದು ದಿನ ಅಲ್ಲಿ ಇಳಿಸಿ ಹೆಜ್ಜೆ ಹಾಕಿ ಅಳೆಸಿದೆ. ಕಾಗದದ ಮೇಲೆ ಹೇಳಿದಾಗ ತಲೆಗೆ ಹೋಗದ್ದು ಕಾಲಿಗೆ ಅರ್ಥವಾಯಿತು. ನೀವೂ ಅಳೆದು ನೋಡಿ. ನಿಮ್ಮ ಮನೆ ಹತ್ತಿರದ ತಿರುವು ಸಾಕು.

ಕೀ ಕೈಗೆ ಬರುವ ಮೊದಲು

ಕಾಗದದ ಕೆಲಸ ಬೇಗ ಹೇಳಿ ಮುಗಿಸುತ್ತೇನೆ. ಕಾರಿಗೂ ಗೇರ್ ಬೈಕಿಗೂ 18 ತುಂಬಿರಲೇಬೇಕು. 16ಕ್ಕೆ ಲೈಸೆನ್ಸ್ ಸಿಗುವುದು 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ ಮಾತ್ರ. ಈಗ ಮನೆಮನೆಯಲ್ಲಿರುವ ಸ್ಕೂಟರುಗಳು 110, 125 ಸಿಸಿ. ಅವಕ್ಕೆ ಈ ಅವಕಾಶ ಇಲ್ಲ. ಪಿಯುಸಿ ಹುಡುಗನ ಕೈಗೆ "ಅಂಗಡಿ ತನಕ ತಾನೇ" ಎಂದು ಸ್ಕೂಟರ್ ಕೊಡುವ ಮನೆಗಳು ನಮ್ಮ ಕಡೆ ಬಹಳ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಅಪ್ರಾಪ್ತರು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ಆಗುವ ತನಕ ಲೈಸೆನ್ಸೇ ಸಿಗುವುದಿಲ್ಲ.

ಎಲ್‌ಎಲ್‌ಆರ್ (ಕಲಿಯುವವರ ಲೈಸೆನ್ಸ್) ಸಿಕ್ಕಿದ ಮೇಲೆ 30 ದಿನ ಕಳೆದು ಡಿಎಲ್ (ಪೂರ್ಣ ಲೈಸೆನ್ಸ್) ಪರೀಕ್ಷೆಗೆ ಹೋಗಬಹುದು. ಎಲ್‌ಎಲ್‌ಆರ್‌ಗೆ 6 ತಿಂಗಳ ಅವಧಿ ಇರುತ್ತದೆ. 31ನೇ ದಿನವೇ ಮಡಿಕೇರಿ ಆರ್‌ಟಿಒಗೆ ಓಡುವ ಅವಸರ ಬೇಡ. ಮೈದಾನದಲ್ಲಿ ಎಂಟು ಹಾಕಿ ತೋರಿಸುವುದು ಬೇರೆ, ಸುಂಟಿಕೊಪ್ಪದ ಸಂತೆಯ ದಿನ ಪೇಟೆ ದಾಟುವುದು ಬೇರೆ. ಆ 6 ತಿಂಗಳನ್ನು ಪೂರ್ತಿ ಬಳಸಿಕೊಳ್ಳಿ. ಕೆಂಪು ಎಲ್ ಬೋರ್ಡ್ ಹಿಂದೆ ಮುಂದೆ ಎರಡೂ ಕಡೆ ಇರಲಿ. ಪಕ್ಕದಲ್ಲಿ ಲೈಸೆನ್ಸ್ ಇರುವವರು ಇರಲಿ. ಎಲ್ ಬೋರ್ಡ್ ಹಾಕಿಕೊಳ್ಳಲು ನಾಚಿಕೆ ಪಡುವ ಮಕ್ಕಳನ್ನು ನೋಡಿದ್ದೇನೆ. ಹಿಂದಿನವರು ಸ್ವಲ್ಪ ದೂರ ಬಿಟ್ಟು ಬರುತ್ತಾರೆ, ನಿಮಗೇ ಒಳ್ಳೆಯದು.

ಮೊದಲ ಹದಿನೈದು ದಿನ: ನಿಲ್ಲಿಸುವುದು ಮತ್ತು ಹಿಂದೆ ಬರುವುದು

ಎಲ್ಲರೂ ಮುಂದೆ ಹೋಗುವುದನ್ನು ಮೊದಲು ಕಲಿಸುತ್ತಾರೆ. ನಾನು ನಿಲ್ಲಿಸುವುದನ್ನು ಕಲಿಸಿದೆ. ಖಾಲಿ ಮೈದಾನದಲ್ಲಿ ಎರಡು ಕಲ್ಲಿಟ್ಟು, 20ರ ವೇಗದಲ್ಲಿ ಬಂದು ಮೊದಲ ಕಲ್ಲಿನ ಹತ್ತಿರ ಬ್ರೇಕ್ ಹಿಡಿದು ಎರಡನೆಯ ಕಲ್ಲಿನೊಳಗೆ ನಿಲ್ಲಬೇಕು. ಆಮೇಲೆ 30. ಆಮೇಲೆ ಮಳೆ ಬಂದು ಮೈದಾನ ಒದ್ದೆಯಾದಾಗ ಅದೇ ಕಲ್ಲು, ಅದೇ ವೇಗ. ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಇರುವ ಕಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಕಾಲಿನ ಕೆಳಗೆ ಪೆಡಲ್ ದಡದಡ ನಡುಗುತ್ತದೆ. ಮೊದಲ ಸಲ ಅದು ರಸ್ತೆಯಲ್ಲಿ ಆದರೆ ಮಕ್ಕಳು ಹೆದರಿ ಕಾಲು ತೆಗೆದುಬಿಡುತ್ತಾರೆ. ಮೈದಾನದಲ್ಲೇ ಅದರ ಪರಿಚಯವಾಗಲಿ. ನಡುಗಿದರೂ ಕಾಲು ಒತ್ತಿಯೇ ಇರಬೇಕು.

ಎರಡನೆಯದು ರಿವರ್ಸ್. ಇದಕ್ಕೆ ನಾನು ಒಂದು ವಾರ ಪೂರ್ತಿ ಕೊಟ್ಟೆ. ನಮ್ಮ ತೋಟದ ದಾರಿಗಳಲ್ಲಿ ಎದುರಿಗೆ ಜೀಪು ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಲೇಬೇಕು. ಘಾಟಿಯ ಕಿರಿದಾದ ಜಾಗದಲ್ಲಿ ಏರುತ್ತಿರುವ ಗಾಡಿಗೆ ಮೊದಲ ಹಕ್ಕು, ಇಳಿಯುವವರು ಬದಿಗೆ ನಿಂತು ದಾರಿ ಬಿಡಬೇಕು. ಇದು ಮರ್ಯಾದೆಯ ಮಾತೂ ಹೌದು, ರಸ್ತೆಯ ನಿಯಮವೂ ಹೌದು. ಏರಿನಲ್ಲಿ ನಿಂತ ಲೋಡ್ ಪಿಕಪ್ ಮತ್ತೆ ಹೊರಡುವುದು ಎಷ್ಟು ಕಷ್ಟ ಎಂದು ಓಡಿಸಿದವರಿಗೆ ಗೊತ್ತು. ರಿವರ್ಸ್ ಬಾರದ ಹುಡುಗ ಅಲ್ಲಿ ಗಾಬರಿಯಾಗಿ ಮುಂದಕ್ಕೆ ನುಗ್ಗುತ್ತಾನೆ, ಎಡದ ಚಕ್ರ ಚರಂಡಿಗೆ ಇಳಿಯುತ್ತದೆ. ಕನ್ನಡಿ ನೋಡಿ 50 ಮೀಟರ್ ನೇರವಾಗಿ ಹಿಂದೆ ಬರಲು ಕಲಿಯಿರಿ. ಆನೆಯ ವಿಷಯಕ್ಕೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಜೊತೆಗೆ ಏರಿನಲ್ಲಿ ಹ್ಯಾಂಡ್‌ಬ್ರೇಕ್ ಹಿಡಿದು ನಿಂತು, ಹಿಂದಕ್ಕೆ ಒಂದು ಗೇಣೂ ಜಾರದೆ ಹೊರಡುವುದು. ನೂರು ಸಲ ಮಾಡಿ. ಇದಕ್ಕೆ ಬೇರೆ ಉಪಾಯ ಇಲ್ಲ.

ಇಳಿಜಾರು ಮತ್ತು ತಿರುವು

ನಾನು ಕಲಿತ ಹೊಸತರಲ್ಲಿ ಒಮ್ಮೆ ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುತ್ತಿದ್ದೆ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿಂದ ದಕ್ಷಿಣ ಕನ್ನಡದ ತಪ್ಪಲಿಗೆ ಇಳಿಯುತ್ತಲೇ ಹೋಗುವ ದಾರಿ. ನಾನು ನಾಲ್ಕನೇ ಗೇರಿನಲ್ಲಿಟ್ಟು ಬ್ರೇಕ್ ಒತ್ತುತ್ತಲೇ ಇಳಿದೆ. ಮದೆನಾಡು ದಾಟಿದ ಮೇಲೆ ರಬ್ಬರ್ ಸುಟ್ಟಂಥ ವಾಸನೆ. ಪೆಡಲ್ ಮೆತ್ತಗಾಗಿ ಕಾಲು ಕೆಳಕ್ಕೆ ಹೋಗತೊಡಗಿತು. ಪಕ್ಕದಲ್ಲಿದ್ದ ನಮ್ಮ ತೋಟದ ಡ್ರೈವರಣ್ಣ ಒಂದು ಮಾತೂ ಬೈಯಲಿಲ್ಲ. "ಅಕ್ಕಾ, ಗೇರ್ ಇಳಿಸಿ, ಎರಡಕ್ಕೆ ಹಾಕಿ" ಎಂದರು. ಗಾಡಿ ತಾನೇ ಹಿಡಿದುಕೊಂಡಿತು. ಅಗಲ ಜಾಗ ಸಿಕ್ಕಿದಾಗ ಅರ್ಧ ಗಂಟೆ ನಿಂತು ಬ್ರೇಕ್ ಆರಿಸಿದೆವು. ಅವತ್ತು ಅವರು ಹೇಳಿದ್ದನ್ನು ನಾನು ಮಕ್ಕಳಿಗೆ ಹೇಳಿದೆ: ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಬೇಕು.

ಇದರ ಹಿಂದಿನ ಕಾರಣ ಸರಳ. ಕೆಳ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನೇ ಚಕ್ರವನ್ನು ತಡೆಯುತ್ತದೆ. ಬ್ರೇಕಿಗೆ ಕೆಲಸ ಕಡಿಮೆ, ಬಿಸಿಯೂ ಕಡಿಮೆ. ಬ್ರೇಕ್ ಅತಿಯಾಗಿ ಕಾದರೆ ಹಿಡಿತ ಬಿಡುತ್ತದೆ. ನ್ಯೂಟ್ರಲ್‌ನಲ್ಲಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಎನ್ನುವವರು ಈಗಲೂ ಇದ್ದಾರೆ. ಈಗಿನ ಇಂಜಿನ್‌ಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಹರಿಯುವುದನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಿ ಮಾತ್ರ ಕುಡಿಯುತ್ತಲೇ ಇರುತ್ತವೆ. ಇನ್ನು ಇಂಜಿನ್ ಆಫ್ ಮಾಡಿ ಇಳಿಯುವುದಂತೂ ಬೇಡವೇ ಬೇಡ. ಬ್ರೇಕ್ ಕಲ್ಲಿನಂತಾಗುತ್ತದೆ, ಸ್ಟಿಯರಿಂಗ್ ಬಿಗಿಯಾಗುತ್ತದೆ.

ತಿರುವಿಗೆ ಬರುವ ಮೊದಲೇ ವೇಗ ಇಳಿಸಿ, ಗೇರ್ ಇಳಿಸಿ. ತಿರುವಿನ ಒಳಗೆ ಬ್ರೇಕ್ ಹಿಡಿಯುವ ಪ್ರಸಂಗ ಬರಬಾರದು. ಎದುರು ಕಾಣದ ತಿರುವಿನಲ್ಲಿ ಒಂದು ಸಣ್ಣ ಹಾರ್ನ್. ಕಾರಿನೊಳಗೆ ಹಾಡು ಜೋರಾಗಿದ್ದರೆ ಎದುರಿನವರ ಹಾರ್ನ್ ನಿಮಗೆ ಕೇಳದು, ಹಾಗಾಗಿ ಘಾಟಿಯಲ್ಲಿ ಹಾಡು ಬಂದ್. ಎಡಕ್ಕೇ ಅಂಟಿಕೊಂಡು ಹೋಗಿ. ಶನಿವಾರ, ಭಾನುವಾರ ಹೊರಗಿನ ಕಾರುಗಳು ಜಾಸ್ತಿ. ಈ ರಸ್ತೆ ಗೊತ್ತಿಲ್ಲದವರು ತಿರುವನ್ನು ಕತ್ತರಿಸಿ ನಿಮ್ಮ ಬದಿಗೆ ಬಂದುಬಿಡುತ್ತಾರೆ. ಬಸ್ಸುಗಳ ಕತೆ ಬೇರೆ. ಉದ್ದದ ಬಸ್ಸಿಗೆ ಕಡಿದಾದ ತಿರುವಿನಲ್ಲಿ ಬಲಕ್ಕೆ ಬಾರದೆ ತಿರುಗಲು ಆಗುವುದೇ ಇಲ್ಲ. ಬಸ್ಸು ಬರುವುದು ಕಂಡರೆ ತಿರುವಿನ ಈಚೆಗೇ ನಿಂತುಬಿಡಿ. ಏರಿನಲ್ಲಿ ಬಸ್ಸಿನ ಬೆನ್ನಿಗೆ ಅಂಟಬೇಡಿ.

ಓವರ್‌ಟೇಕ್ ಬಗ್ಗೆ ಒಂದೇ ಮಾತು. ಮೊದಲ ವರ್ಷ ಘಾಟಿಯಲ್ಲಿ ಓವರ್‌ಟೇಕ್ ಬೇಡ. ಕಾಫಿ ಕೊಯ್ಲಿನ ಕಾಲದಲ್ಲಿ, ಅಂದರೆ ನವೆಂಬರಿನಿಂದ ಫೆಬ್ರವರಿ ತನಕ, ಹಣ್ಣಿನ ಮೂಟೆ ಹೊತ್ತ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಕೊಂಡರೆ ಹತ್ತು ನಿಮಿಷ ತಡವಾಗುತ್ತದೆ, ಆಗಲಿ. ತೋಟದ ಗೇಟುಗಳಿಂದ ಜನ ತುಂಬಿದ ಜೀಪುಗಳು ಹೊರಬರುವ ಹೊತ್ತೂ ಅದೇ.

ಮಳೆ, ಮಂಜು, ಬರೆ

ಜೂನ್ ಮಳೆಗೆ ಎಲ್ಲರೂ ಹೆದರುತ್ತಾರೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಯಾರೂ ಹೆದರುವುದಿಲ್ಲ. ಆದರೆ ತಿಂಗಳುಗಟ್ಟಲೆ ರಸ್ತೆಯ ಮೇಲೆ ಕೂತ ಧೂಳು, ಎಣ್ಣೆ ಮೊದಲ ಮಳೆಯ ಅರ್ಧ ಗಂಟೆಯಲ್ಲಿ ಸೋಪಿನಂತಾಗುತ್ತದೆ. ನನ್ನ ಮಗಳು ಸ್ಕೂಟರಿನಿಂದ ಬಿದ್ದದ್ದು ಅಂಥ ಒಂದು ಸಂಜೆ. ವೇಗ ಹೆಚ್ಚೇನೂ ಇರಲಿಲ್ಲ. ತಿರುವಿನಲ್ಲಿ ಸಿಲ್ವರ್ ಓಕ್ ಎಲೆಗಳು ಒದ್ದೆಯಾಗಿ ಅಂಟಿದ್ದವು. ಗಾಡಿ ವಾಲಿರುವಾಗಲೇ ಮುಂದಿನ ಬ್ರೇಕ್ ಹಿಡಿದಳು. ಹೆಲ್ಮೆಟ್ ಗೀರಿತು, ಮೊಣಕೈ ಕಿತ್ತುಹೋಯಿತು, ತಲೆ ಉಳಿಯಿತು. ಪಟ್ಟಿ ಬಿಗಿದಿದ್ದರಿಂದ ಹೆಲ್ಮೆಟ್ ತಲೆಯ ಮೇಲೇ ಇತ್ತು. ಸ್ಕೂಟರ್, ಬೈಕ್ ಓಡಿಸುವವರೇ, ಬ್ರೇಕ್ ಹಿಡಿಯುವುದು ಗಾಡಿ ನೆಟ್ಟಗಿರುವಾಗ. ಎರಡೂ ಬ್ರೇಕ್ ಒಟ್ಟಿಗೆ, ನಿಧಾನವಾಗಿ. ಮರದ ನೆರಳಿನಲ್ಲಿ ಬಿಸಿಲು ಬೀಳದ ಜಾಗಗಳಲ್ಲಿ ಟಾರಿನ ಮೇಲೆ ಹಸಿರು ಪಾಚಿ ಕಟ್ಟಿರುತ್ತದೆ, ಅದೂ ಅಷ್ಟೇ ಅಪಾಯ.

ಹಿಂದೆ ಕೂತವರು ಕೊಡೆ ಬಿಚ್ಚುವುದು ನಮ್ಮಲ್ಲಿ ಮಾಮೂಲಿ. ದಯವಿಟ್ಟು ಬೇಡ. ಒಂದು ಗಾಳಿ ಬೀಸಿದರೆ ಕೊಡೆ ಹಾಯಿಯಂತಾಗಿ ಗಾಡಿಯನ್ನೇ ಎಳೆಯುತ್ತದೆ. ಅಜ್ಜಿಯಾದರೂ ಸರಿ, ಮಳೆಕೋಟು ಹಾಕಿಸಿ, ಹೆಲ್ಮೆಟ್ ಹಾಕಿಸಿ, ಆಮೇಲೆ ಹೊರಡಿ.

ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ಮಂಜಿಗೆ ಬಡಿದು ಕಣ್ಣಿಗೇ ವಾಪಸ್ ಬರುತ್ತದೆ, ಬಿಳಿ ಗೋಡೆ ಎದುರಿಗಿಟ್ಟ ಹಾಗೆ. ಲೈಟ್ ಡಿಮ್‌ನಲ್ಲಿರಲಿ, ಫಾಗ್ ಲ್ಯಾಂಪ್ ಇದ್ದರೆ ಅದನ್ನೂ ಹಾಕಿ. ಎಡಬದಿಯ ಬಿಳಿ ಗೆರೆ ಹಿಡಿದು ಹೋಗಿ. ಕಿಟಕಿ ಎರಡು ಬೆರಳಷ್ಟು ಇಳಿಸಿ, ಕಣ್ಣಿಗೆ ಕಾಣದ್ದು ಕಿವಿಗೆ ಕೇಳುತ್ತದೆ. ಗಾಜಿನ ಒಳಗೆ ಆವಿ ಕಟ್ಟಿದರೆ ಕೈಯಲ್ಲಿ ಒರೆಸುತ್ತಾ ಓಡಿಸಬೇಡಿ, ಏಸಿಯ ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ. ಓಡುವಾಗ ನಾಲ್ಕೂ ಇಂಡಿಕೇಟರ್ ಮಿನುಗಿಸುವುದು ಬೇಡ. ನೀವು ಎತ್ತ ತಿರುಗುತ್ತೀರಿ ಎಂದು ಹಿಂದಿನವರಿಗೆ ಗೊತ್ತಾಗುವುದಿಲ್ಲ. ನಿಂತಾಗ ಮಾತ್ರ ಅದನ್ನು ಹಾಕಿ. ಈಗ ಲೆಕ್ಕಕ್ಕೆ ಬನ್ನಿ. ಮಂಜಿನಲ್ಲಿ 15 ಮೀಟರ್ ಕಾಣುತ್ತಿದೆ ಎಂದರೆ ನಿಮ್ಮ ವೇಗ 20ರ ಆಸುಪಾಸು. ಅದಕ್ಕಿಂತ ಕಡಿಮೆ ಕಂಡರೆ ಅಗಲ ಜಾಗ ನೋಡಿ ರಸ್ತೆ ಬಿಟ್ಟು ನಿಲ್ಲಿ.

2018ರ ಆಗಸ್ಟ್ ಕೊಡಗಿನಲ್ಲಿ ಯಾರೂ ಮರೆತಿಲ್ಲ. ಮದೆನಾಡು, ಜೋಡುಪಾಲದ ಕಡೆ ಬೆಟ್ಟವೇ ಜಾರಿ ಹೆದ್ದಾರಿ ಕಡಿದುಹೋಗಿತ್ತು. ಬರೆ, ಅಂದರೆ ರಸ್ತೆ ಬದಿಯ ಕಡಿದಾದ ಮಣ್ಣಿನ ದಿಬ್ಬ, ಕುಸಿಯುವ ಮೊದಲು ಸೂಚನೆ ಸಿಗುವುದುಂಟು. ಸಣ್ಣ ಕಲ್ಲುಗಳು ಉರುಳುತ್ತವೆ, ಬರೆಯಿಂದ ಇದ್ದಕ್ಕಿದ್ದಂತೆ ಕೆಸರು ನೀರು ಬರುತ್ತದೆ, ಮರ ವಾಲಿರುತ್ತದೆ, ರಸ್ತೆಯ ಅಂಚಿನಲ್ಲಿ ಹೊಸ ಬಿರುಕು ಇರುತ್ತದೆ. ಇವು ಕಂಡರೆ ಮುಂದೆ ಹೋಗಬೇಡಿ, ವಾಪಸ್ ತಿರುಗಿ. ಜೋರು ಮಳೆಗೆ ಬರೆಯ ಬುಡದಲ್ಲಿ ಗಾಡಿ ನಿಲ್ಲಿಸಿ ಕಾಯುವುದೂ ಬೇಡ. ಭಾಗಮಂಡಲ, ನಾಪೋಕ್ಲು, ಕರಡಿಗೋಡು ಕಡೆ ರಸ್ತೆ ಮೇಲೆ ನೀರು ಬಂದರೆ ದಾಟುವ ಸಾಹಸ ಮಾಡಬೇಡಿ. ಹರಿಯುವ ನೀರು ಮೊಣಕಾಲಿಗೆ ಬಂದರೂ ಸಣ್ಣ ಕಾರನ್ನು ಎತ್ತಿ ತೇಲಿಸಬಹುದು. ರಸ್ತೆ ಒಳಗೆ ಕೊಚ್ಚಿಹೋಗಿದೆಯೋ ಇಲ್ಲವೋ ನೀರಿನ ಮೇಲಿನಿಂದ ಕಾಣುವುದೂ ಇಲ್ಲ.

ಕತ್ತಲೆ ಮತ್ತು ಆನೆ

ರಾತ್ರಿ ಓಡಿಸುವುದನ್ನು ನಾನು ಕೊನೆಗೆ ಕಲಿಸುತ್ತೇನೆ, ಡಿಎಲ್ ಬಂದು ಮೂರು ತಿಂಗಳು ಕಳೆದ ಮೇಲೆ. ತಿತಿಮತಿ, ಸಿದ್ದಾಪುರ, ಪಾಲಿಬೆಟ್ಟ, ನಮ್ಮ ಚೆಟ್ಟಳ್ಳಿ, ಎಲ್ಲ ಕಡೆ ಕಾಫಿ ತೋಟದಿಂದ ತೋಟಕ್ಕೆ ಆನೆ ದಾಟುತ್ತದೆ. ಮುಸ್ಸಂಜೆ ಮತ್ತು ಬೆಳಗಿನ ಜಾವ ಜಾಸ್ತಿ. ಆನೆಯ ಮೈ ಕತ್ತಲೆಯಲ್ಲಿ ಕರಗಿಬಿಡುತ್ತದೆ. ಡಿಮ್ ಲೈಟಿನಲ್ಲಿ ಕಾಣುವುದು ಕಾಲುಗಳಷ್ಟೇ, ಅದನ್ನು ಮರದ ಬುಡ ಎಂದುಕೊಳ್ಳುವುದು ಸುಲಭ.

ಕಂಡ ಕೂಡಲೇ ದೂರದಲ್ಲೇ ನಿಲ್ಲಿಸಿ. ಇಂಜಿನ್ ಆಫ್ ಮಾಡಬೇಡಿ. ಹಾರ್ನ್ ಬೇಡ, ಹೈಬೀಮ್ ಬೇಡ, ಇಳಿದು ಫೋಟೋ ತೆಗೆಯುವುದು ಬೇಡ. ನಿಮ್ಮ ಕಡೆ ತಿರುಗಿದರೆ ಮೆಲ್ಲಗೆ ಹಿಂದೆ ಬನ್ನಿ. ಆ ಒಂದು ವಾರದ ರಿವರ್ಸ್ ಅಭ್ಯಾಸ ಈಗ ಕೆಲಸಕ್ಕೆ ಬರುತ್ತದೆ. ಒಂದು ಆನೆ ದಾಟಿತು ಎಂದು ತಕ್ಷಣ ಹೊರಡಬೇಡಿ. ಹಿಂದೆ ಹಿಂಡಿರಬಹುದು, ಮರಿಯೂ ಇರಬಹುದು. ತಾಯಿ ಮತ್ತು ಮರಿಯ ನಡುವೆ ನಿಮ್ಮ ಗಾಡಿ ಬರಲೇಬಾರದು. ಹೊರಡುವ ಮೊದಲು ಊರಿನ ವಾಟ್ಸಾಪ್ ಗುಂಪಿನಲ್ಲಿ ಆನೆ ಎಲ್ಲಿದೆ ಎಂಬ ಸುದ್ದಿ ಬಂದಿದೆಯಾ ನೋಡಿ. ಕುಟ್ಟದಿಂದ ನಾಗರಹೊಳೆ ಕಾಡಿನೊಳಗೆ ಹೋಗುವ ರಸ್ತೆಯಲ್ಲಿ ರಾತ್ರಿ ಸಂಚಾರ ಬಂದ್, ಗೇಟ್ ಮುಚ್ಚುವ ಮೊದಲು ದಾಟಿಬಿಡಬಹುದು ಎಂದು ವೇಗ ಏರಿಸುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಗೆಳೆಯರು, ಫೋನು, ಹಬ್ಬ

ಕಾರಿನಲ್ಲಿ ನಾಲ್ಕು ಜನ ಗೆಳೆಯರು ಕೂತರೆ ಒಳ್ಳೆ ಹುಡುಗನ ಕಾಲೂ ಭಾರವಾಗುತ್ತದೆ. "ಹೊಡಿಯೋ, ದಾಟ್ಸೋ" ಎಂದು ಯಾರೋ ಒಬ್ಬ ಹೇಳಿದರೆ ಸಾಕು. ನಮ್ಮ ಮನೆಯ ನಿಯಮ ಹೀಗಿದೆ. ಡಿಎಲ್ ಬಂದ ಮೊದಲ ಮೂರು ತಿಂಗಳು ಗೆಳೆಯರಿಲ್ಲ, ಆಮೇಲೆ ಒಬ್ಬರು, ಆರು ತಿಂಗಳ ಮೇಲೆ ಉಳಿದವರು. ಮಾಂದಲಪಟ್ಟಿ ಬೆಟ್ಟಕ್ಕೆ ಹೋಗಬೇಕಾದರೆ ಅಲ್ಲಿನ ಜೀಪಿನವರ ಜೊತೆ ಹೋಗಲಿ. ಹಿಂದಿನ ಸೀಟಿನವರಿಗೂ ಬೆಲ್ಟ್. ಹಾಕಿಕೊಳ್ಳದಿದ್ದರೆ ಗಾಡಿ ಹೊರಡುವುದಿಲ್ಲ ಎಂದು ಹೇಳುವ ಧೈರ್ಯ ಸ್ಟಿಯರಿಂಗ್ ಹಿಡಿದವರಿಗೆ ಇರಬೇಕು.

ಫೋನ್ ಹಿಂದಿನ ಸೀಟಿನ ಬ್ಯಾಗಿನಲ್ಲಿ. 40ರ ವೇಗದಲ್ಲಿ ಎರಡು ಸೆಕೆಂಡ್ ಮೆಸೇಜ್ ನೋಡಿದರೆ ಗಾಡಿ 22 ಮೀಟರ್ ಕಣ್ಣುಮುಚ್ಚಿ ಓಡಿದ ಹಾಗೆ.

ನಮ್ಮ ಕಡೆ ಮದುವೆ, ಪುತ್ತರಿ, ಕೈಲ್‌ಪೊಳ್ದ್ ಹಬ್ಬ ಎಂದರೆ ಊಟದ ಜೊತೆ ಗ್ಲಾಸೂ ಬರುತ್ತದೆ. ಇದನ್ನು ಮುಚ್ಚಿಟ್ಟು ಮಾತಾಡಿ ಪ್ರಯೋಜನ ಇಲ್ಲ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿಲಿಗ್ರಾಂ. ಮಕ್ಕಳಿಗೆ ನಾನು ಹೇಳಿದ ಮಿತಿ ಸೊನ್ನೆ. ಜೊತೆಗೆ ಒಂದು ಮಾತು ಕೊಟ್ಟಿದ್ದೇನೆ. ಗಾಡಿ ಓಡಿಸುವವರು ಕುಡಿದಿದ್ದಾರೆ ಎಂದರೆ ಎಷ್ಟು ಹೊತ್ತಾದರೂ ನನಗೆ ಫೋನ್ ಮಾಡಿ, ಬಂದು ಕರೆದುಕೊಂಡು ಬರುತ್ತೇನೆ, ಅವತ್ತು ರಾತ್ರಿ ಒಂದು ಪ್ರಶ್ನೆಯೂ ಕೇಳುವುದಿಲ್ಲ. ಮಗಳು ಒಂದು ಸಲ ವಿರಾಜಪೇಟೆಯಿಂದ ರಾತ್ರಿ 11ಕ್ಕೆ ಕರೆದಳು. ಹೋದೆ, ಕರೆತಂದೆ, ದಾರಿಯುದ್ದಕ್ಕೂ ಮದುಮಗಳ ಸೀರೆಯ ವಿಷಯ ಮಾತಾಡಿದೆವು. ಪೋಷಕರೇ, ಮಾತು ಕೊಟ್ಟ ಮೇಲೆ ಉಳಿಸಿಕೊಳ್ಳಬೇಕು. ಒಂದು ಸಲ ಬೈದರೆ ಮುಂದಿನ ಸಲ ಫೋನ್ ಬರುವುದಿಲ್ಲ.

ಏನಾದರೂ ಆದರೆ

ಗಾಡಿಯಲ್ಲಿ ಟಾರ್ಚ್, ಪ್ರಥಮ ಚಿಕಿತ್ಸೆ ಡಬ್ಬಿ, ಕೆಂಪು ತ್ರಿಕೋನ, ಒಂದು ಹಗ್ಗ, ಒಂದು ಕತ್ತಿ ಇರಲಿ. ಮರ ಬಿದ್ದ ದಾರಿಯಲ್ಲಿ ಕತ್ತಿಯ ಬೆಲೆ ಕೊಡಗಿನವರಿಗೆ ಹೇಳಬೇಕಾಗಿಲ್ಲ. ಅಪಘಾತವಾದರೆ ಮೊದಲು ತಿರುವಿನ ಆಚೆ ಈಚೆ ಜನ ನಿಲ್ಲಿಸಿ, ಇನ್ನೊಂದು ಗಾಡಿ ಬಂದು ಗುದ್ದಬಾರದು. 112ಕ್ಕೆ ಅಥವಾ ಆಂಬ್ಯುಲೆನ್ಸಿಗೆ 108ಕ್ಕೆ ಕರೆ ಮಾಡಿ. ನಿಮ್ಮ ಸಿಮ್‌ಗೆ ರೇಂಜ್ ಇಲ್ಲದ ಕಡೆಯೂ ಬೇರೆ ಕಂಪನಿಯ ಟವರ್ ಸಿಕ್ಕಿದರೆ 112 ಹೋಗಬಹುದು. ಬೇರೆಯವರ ಅಪಘಾತ ಕಂಡರೂ ಹೆದರಿ ಮುಂದೆ ಹೋಗಬೇಡಿ. ಒಳ್ಳೆ ಮನಸ್ಸಿನಿಂದ ನೆರವಾದವರಿಗೆ 2019ರ ತಿದ್ದುಪಡಿಯಲ್ಲಿ ಕಾನೂನಿನ ರಕ್ಷಣೆ ಇದೆ.

ನನ್ನ ಮಗ ಈಗ ಚೆಟ್ಟಳ್ಳಿಯಿಂದ ಮಡಿಕೇರಿಗೆ ಹಗಲಿನಲ್ಲಿ ಒಬ್ಬನೇ ಹೋಗಿ ಬರುತ್ತಾನೆ. ಹೂಮಳೆ ಕಂಡಿದ್ದಾನೆ, ಜೂನಿನ ಮಳೆ ಇನ್ನೂ ಕಂಡಿಲ್ಲ. ಕಾರಿನ ಟೈರ್ ನೋಡಿಸಿದೆವು. ಗೀರಿನ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು ಎನ್ನುತ್ತದೆ ನಿಯಮ, ನಮ್ಮದು ಅದರ ಹತ್ತಿರ ಬಂದಿತ್ತು. ನಾಲ್ಕೂ ಬದಲಿಸಿ, ವೈಪರ್ ರಬ್ಬರ್ ಹೊಸದು ಹಾಕಿಸಿದೆವು. ಮಳೆ ಹಿಡಿದ ಮೊದಲ ವಾರ ಸುಂಟಿಕೊಪ್ಪದ ತನಕ ಅವನು ಓಡಿಸುತ್ತಾನೆ, ನಾನು ಪಕ್ಕದಲ್ಲಿ ಕೂರುತ್ತೇನೆ. ಸಂಪಾಜೆ ಘಾಟಿ ಮಳೆಗಾಲ ಕಳೆದ ಮೇಲೆ.